ಹಿಜಾಜಿನ ಯುದ್ಧಕಾಲದ ಮಂತ್ರಿಮಂಡಲ (ಮಕ್ಕಾ, 1916)

ಒಂದನೆಯ ಮಹಾಯುದ್ಧದ ನಡುವೆ, 1916ರ ಅಕ್ಟೋಬರ್ 5ರಂದು, ಪಶ್ಚಿಮ ಅರೇಬಿಯಾದ ಹಿಜಾಜಿಗಾಗಿ ಮಕ್ಕಾದ ಷರೀಫ್ (ಪವಿತ್ರ ನಗರಗಳ ಪಾಲಕ) ಹುಸೇನ್ ಬಿನ್ ಅಲಿ ರಚಿಸಿದ ಸರ್ಕಾರ. ಹಿಜರಿ ಲೆಕ್ಕದಲ್ಲಿ ಅದು 1334ರ ಜುಲ್‌ಹಜ್ 7. ಅರಫಾತ್ ದಿನಕ್ಕೆ ಇನ್ನೆರಡೇ ದಿನ. ಹಜ್ ಯಾತ್ರಿಕರು ಊರು ತುಂಬಿದ್ದ ಹೊತ್ತು ನೋಡಿಯೇ ಹೊಸ ಆಡಳಿತವನ್ನು ಸಾರಿದಂತಿದೆ.

ನಾಲ್ಕು ತಿಂಗಳ ಹಿಂದೆ, ಜೂನ್ 10ರಂದು, ಹುಸೇನ್ ಮಕ್ಕಾದಲ್ಲಿ ಒಟ್ಟೊಮನ್ ಸುಲ್ತಾನರ ವಿರುದ್ಧ ಬಂಡೆದ್ದಿದ್ದರು. ಹರಮ್ ಮಸೀದಿಗೆ ಹೊಂದಿಕೊಂಡ ಗುಡ್ಡದ ಮೇಲಿದ್ದ ಅಜ್ಯಾದ್ ಕೋಟೆಯಿಂದ ತುರ್ಕಿ ಪಡೆ ಗುಂಡು ಹಾರಿಸಿತು; ಒಂದು ಗುಂಡು ಕಾಬಾದ ಕಿಸ್ವಾ ಹೊದಿಕೆಗೆ ಕಿಡಿ ತಗುಲಿಸಿತೆಂಬ ಸುದ್ದಿ ಬಂಡಾಯಗಾರರಿಗೆ ಫಿರಂಗಿಗಿಂತ ಹೆಚ್ಚು ನೆರವಾಯಿತು. ಜುಲೈನಲ್ಲಿ ಮಕ್ಕಾ, ಸೆಪ್ಟೆಂಬರ್‌ನಲ್ಲಿ ತಾಯಿಫ್ ಕೈಸೇರಿದವು. ಮದೀನಾ ಮಾತ್ರ 1919ರ ಜನವರಿಯವರೆಗೂ ಬಗ್ಗಲಿಲ್ಲ.

ಪಕ್ಷಗಳೇ ಇಲ್ಲದ ಊರಿನ ಈ ಸಂಪುಟವನ್ನು ಸಮ್ಮಿಶ್ರ ಸರ್ಕಾರ ಎನ್ನಬಹುದೇ? ಒಂದರ್ಥದಲ್ಲಿ ಹೌದು. ಷರೀಫರ ಮನೆತನ, ಹಿಜಾಜಿನ ಉಲೇಮಾ (ಧರ್ಮಪಂಡಿತರು) ಮತ್ತು ವರ್ತಕರು, ಹೊರಗಿನಿಂದ ಬಂದ ಅರಬ್ ಸೇನಾಧಿಕಾರಿಗಳು, ಹೀಗೆ ಮೂರು ಬೇರೆ ಬೇರೆ ಹಿತಗಳು ಇಲ್ಲಿ ಒಂದೇ ಪಂಕ್ತಿಯಲ್ಲಿ ಕುಳಿತವು. ಹಿರಿಯ ಮಗ ಅಲಿ ಪ್ರಧಾನಿ, ಎರಡನೆಯವರು ಅಬ್ದುಲ್ಲಾ ವಿದೇಶಾಂಗ ಸಚಿವ, ಮೂರನೆಯವರು ಫೈಸಲ್ ಒಳಾಡಳಿತ ಸಚಿವ. ಆದರೆ ಅಲಿ ಮತ್ತು ಫೈಸಲ್ ಇಬ್ಬರೂ ರಣರಂಗದಲ್ಲಿದ್ದರು. ಹೀಗಾಗಿ ಮುಖ್ಯ ಕಾಜಿ ಶೇಖ್ ಅಬ್ದುಲ್ಲಾ ಸಿರಾಜ್ ಉಪಪ್ರಧಾನಿಯಾಗಿ ಊರಿನಲ್ಲಿ ಉಳಿದರು. ಶಿಕ್ಷಣ ಶೇಖ್ ಅಲಿ ಮಾಲಿಕಿಯವರಿಗೆ, ಹಣಕಾಸು ಶೇಖ್ ಅಹ್ಮದ್ ಬನಾಜಾ ಅವರಿಗೆ ಹೋಯಿತು. ಹಣಕಾಸು ಖಾತೆಯ ಅಸಲಿ ಬೊಕ್ಕಸ ಹಡಗಿನಲ್ಲಿ ಬರುತ್ತಿತ್ತು: ಬ್ರಿಟಿಷರು ತಿಂಗಳಿಗೆ 1,25,000 ಪೌಂಡ್ ಚಿನ್ನ ಕಳಿಸುತ್ತಿದ್ದರು, ಮುಂದೆ ಅದೂ ಏರಿತು.

ಯುದ್ಧ ಖಾತೆಯ ಕತೆಯೇ ಬೇರೆ. ಅದನ್ನು ವಹಿಸಿಕೊಂಡ ಅಜೀಜ್ ಅಲಿ ಅಲ್-ಮಸ್ರಿ ಕೈರೋದವರು, ಒಟ್ಟೊಮನ್ ಸೇನೆಯಲ್ಲಿ ಪಳಗಿದವರು, ಅಲ್-ಅಹ್ದ್ ಎಂಬ ಗುಪ್ತ ಸಂಘ ಕಟ್ಟಿದವರು; 1914ರಲ್ಲಿ ಇಸ್ತಾಂಬುಲ್‌ನಲ್ಲಿ ಮರಣದಂಡನೆಯ ತೀರ್ಪು ಕೇಳಿಯೂ ಪಾರಾಗಿ ಬಂದವರು. ಬೆದೂಯಿನ್ ಗುಂಪುಗಳನ್ನೇ ನೆಚ್ಚದೆ ಕವಾಯತು ಕಲಿತ ಪಡೆ ಕಟ್ಟಬೇಕೆಂಬುದು ಅವರ ಹಟ. ಅಂಥ ಪಡೆ ನಾಳೆ ಯಾರ ಮಾತು ಕೇಳೀತು ಎಂಬ ಅಳುಕು ಹುಸೇನರದು. ಇಬ್ಬರಿಗೂ ತಪ್ಪು ಹೊರಿಸುವುದು ಕಷ್ಟ. 1917ರ ಮೊದಲ ತಿಂಗಳುಗಳಲ್ಲೇ ಅಲ್-ಮಸ್ರಿ ಈಜಿಪ್ಟಿಗೆ ಮರಳಿದರು. ಅವರ ಕನಸಿನ ಕವಾಯತು ಪಡೆಯನ್ನು ಆಮೇಲೆ ಫೈಸಲರ ಜೊತೆ ನಿಂತು ರೂಪಿಸಿದ್ದು ಬಾಗ್ದಾದಿನ ಜಾಫರ್ ಅಲ್-ಅಸ್ಕರಿ.

ಸಂಪುಟ ಇತ್ತು, ‘ಅಲ್-ಕಿಬ್ಲಾ’ ಪತ್ರಿಕೆಯಲ್ಲಿ ಅದರ ಪ್ರಕಟಣೆಗಳೂ ಬರುತ್ತಿದ್ದವು. ತೀರ್ಮಾನಗಳು ಮಾತ್ರ ಹುಸೇನರ ಟೆಲಿಫೋನಿನಿಂದ ಹೊರಡುತ್ತಿದ್ದವು. ಆ ಯಂತ್ರದ ಮೇಲೆ ಅವರಿಗೆ ಮಕ್ಕಳಂಥ ಅಕ್ಕರೆ. ಅದೇ ಅಕ್ಟೋಬರಿನಲ್ಲಿ ಬ್ರಿಟಿಷ್ ಪ್ರತಿನಿಧಿಗಳು ಜಿದ್ದಾಕ್ಕೆ ಬಂದಿದ್ದಾಗ, ತಾಯಿಫ್‌ನಲ್ಲಿ ಸೆರೆಸಿಕ್ಕ ತುರ್ಕಿ ಬ್ಯಾಂಡ್ ಅಲ್ಲಿ ನುಡಿಸುತ್ತಿತ್ತು. ಫೋನನ್ನು ಅದರ ಕಡೆ ತಿರುಗಿಸಿ ಇಡಿಸಿ, ಷರೀಫರು ಮಕ್ಕಾದಲ್ಲಿ ಕುಳಿತೇ ಆಲಿಸಿದರಂತೆ.

ಸಂಪುಟವಾದ ಕೆಲವೇ ವಾರಗಳಲ್ಲಿ ಹುಸೇನ್ ತಮ್ಮನ್ನು ಅರಬ್ ನಾಡುಗಳ ದೊರೆಯೆಂದು ಸಾರಿಕೊಂಡರು. ಬ್ರಿಟನ್, ಫ್ರಾನ್ಸ್ ಒಪ್ಪಿದ್ದು ‘ಹಿಜಾಜಿನ ದೊರೆ’ ಎಂಬಷ್ಟನ್ನೇ. ಭಾರತದ ಬಹಳಷ್ಟು ಮುಸ್ಲಿಮರು ಅದನ್ನೂ ಒಪ್ಪಲಿಲ್ಲ. ಖಲೀಫರೂ ಆಗಿದ್ದ ಒಟ್ಟೊಮನ್ ಸುಲ್ತಾನರ ಮೇಲೆ ಕತ್ತಿ ಎತ್ತಿದವರೆಂಬ ಸಿಟ್ಟು ಅವರದು. ವಿಚಿತ್ರವೆಂದರೆ, 1918ರ ಸೆಪ್ಟೆಂಬರ್ 23ರಂದು ಬ್ರಿಟಿಷರ ಪರ ತುರ್ಕರಿಂದ ಹೈಫಾ ನಗರ ಹಿಡಿದ ಅಶ್ವದಳದಲ್ಲಿ ಜೋಧಪುರದವರ ಜೊತೆ ನಮ್ಮ ಮೈಸೂರು ಲ್ಯಾನ್ಸರ್‌ಗಳೂ ಇದ್ದರು. ಅದೇ ದಿನಗಳಲ್ಲಿ ಫೈಸಲರ ಪಡೆ ಸಿರಿಯಾದ ದೆರಾ ಸುತ್ತಲಿನ ರೈಲುಹಳಿ ಕಡಿಯುತ್ತಿತ್ತು. ಮಕ್ಕಾದ ಮಂತ್ರಿಯೂ ಮೈಸೂರಿನ ಸವಾರನೂ ಒಂದೇ ಯುದ್ಧದ ಎರಡು ತುದಿ ಹಿಡಿದಿದ್ದರು.

1924ರ ಅಕ್ಟೋಬರಿನಲ್ಲಿ ನಜ್ದಿನ ಅರಸ ಇಬ್ನ್ ಸೌದರ ಪಡೆ ಮಕ್ಕಾ ಹೊಕ್ಕಿತು. ಅದಕ್ಕೆ ಕೆಲವೇ ದಿನ ಮೊದಲು ಹುಸೇನ್ ಪಟ್ಟ ಬಿಟ್ಟಿದ್ದರು. ಅಲಿ ಜಿದ್ದಾದಲ್ಲಿ 1925ರ ಡಿಸೆಂಬರ್‌ವರೆಗೆ ತಾಳಿಕೊಂಡರು. ಅಷ್ಟರಲ್ಲಿ ಫೈಸಲ್ ಇರಾಕಿನ ದೊರೆ, ಅಬ್ದುಲ್ಲಾ ಟ್ರಾನ್ಸ್‌ಜೋರ್ಡಾನಿನ ಅಮೀರ್ ಆಗಿದ್ದರು. ಪ್ರಧಾನಿಯ ಗೈರುಹಾಜರಿಯಲ್ಲಿ ಮಕ್ಕಾದ ಕಡತ ನೋಡಿಕೊಂಡಿದ್ದ ಅಬ್ದುಲ್ಲಾ ಸಿರಾಜ್ 1931ರಲ್ಲಿ ಅಮ್ಮಾನಿನಲ್ಲಿ ಅದೇ ಅಮೀರ್ ಅಬ್ದುಲ್ಲಾರ ಪ್ರಧಾನಿಯಾಗಿ, 1933ರವರೆಗೆ ಆ ಸ್ಥಾನದಲ್ಲಿದ್ದರು.