ಕಂಟ, ಮಸಿ ಮತ್ತು ಕೈಬರಹ: ನಾರಾವಿಯ ನೆರೆಯ ಒಂದು ಇತಿಹಾಸ

ಬರೆವಣಿಗೆಯೆಂದರೆ ಇಂದು ನಾವು ಬರೆದ ವಿಷಯವನ್ನು ಮಾತ್ರ ಗಮನಿಸುತ್ತೇವೆ. ಬರೆದ ಕೈಯನ್ನೂ ಬರೆಯಿಸಿದ ಉಪಕರಣವನ್ನೂ ಮರೆಯುತ್ತೇವೆ. ಅಚ್ಚಿನ ಪುಸ್ತಕದಲ್ಲಿ ಕವಿಯ ಹೆಸರಿರುತ್ತದೆ, ಪ್ರಕಾಶಕರ ಹೆಸರಿರುತ್ತದೆ. ಆದರೆ ಸಾವಿರ ವರ್ಷಗಳ ಕಾಲ ನಮ್ಮ ಕಾವ್ಯ, ಶಾಸ್ತ್ರ, ವಚನ, ಪುರಾಣಗಳನ್ನೆಲ್ಲ ಒಂದು ಪ್ರತಿಯಿಂದ ಮತ್ತೊಂದು ಪ್ರತಿಗೆ ದಾಟಿಸಿದವರು ಲಿಪಿಕಾರರು. ಅವರ ಶ್ರಮವನ್ನೂ ಆ ಶ್ರಮದೊಳಗಿನ ಸುಖವನ್ನೂ ತಿಳಿಯಲು ತುಳುನಾಡಿನ ಒಂದು ಮೂಲೆ ವಿಶೇಷವಾಗಿ ಅನುಕೂಲವಾಗಿದೆ. ಘಟ್ಟದ ಅಡಿಯಲ್ಲಿರುವ ನಾರಾವಿ, ಅದರ ನೆರೆಯ ಅಳಿಯೂರು, ವೇಣೂರು, ಸ್ವಲ್ಪ ಆಚೆಗೆ ಮೂಡುಬಿದಿರೆ ಮತ್ತು ಕಾರ್ಕಳ, ಇವಿಷ್ಟು ಊರುಗಳ ನಡುವಿನ ನೆಲದಲ್ಲಿ ಕೈಬರಹದ ಇತಿಹಾಸ ಬಹು ಸಾಂದ್ರವಾಗಿ ಉಳಿದುಬಂದಿದೆ. ನಾರಾವಿಯಲ್ಲಿ ಸೂರ್ಯನಾರಾಯಣನ ದೇವಾಲಯವೂ ಧರ್ಮನಾಥ ತೀರ್ಥಂಕರರ ಬಸದಿಯೂ ಇವೆ. ಇಂತಹ ಗುಡಿ ಬಸದಿಗಳ ಆಶ್ರಯದಲ್ಲಿಯೇ ಓಲೆಗರಿಯ ಕಟ್ಟುಗಳು ಈ ಸೀಮೆಯ ಮಳೆಯನ್ನೂ ಗೆದ್ದಲನ್ನೂ ಎದುರಿಸಿ ಬದುಕಿದವು.

ಪಂಡಿತ ಕೆ. ಭುಜಬಲಿ ಶಾಸ್ತ್ರಿಗಳು ಸಿದ್ಧಪಡಿಸಿದ, ಕಾಶಿಯ ಭಾರತೀಯ ಜ್ಞಾನಪೀಠವು 1948ರಲ್ಲಿ ಪ್ರಕಟಿಸಿದ ಕನ್ನಡ ಪ್ರಾಂತದ ತಾಡಪತ್ರ ಗ್ರಂಥಗಳ ಸೂಚಿಯನ್ನು ಅವಲೋಕಿಸಿದವರಿಗೆ ಈ ಮಾತು ಅತಿಶಯವೆನಿಸದು. ಮೂಡುಬಿದಿರೆಯ ಮಠ, ಸಿದ್ಧಾಂತ ಬಸದಿ ಮೊದಲಾದ ಭಂಡಾರಗಳ ಜೊತೆಗೆ ಕಾರ್ಕಳದ, ಅಳಿಯೂರಿನಂತಹ ಸಣ್ಣ ಊರಿನ ಭಂಡಾರಗಳೂ ಅಲ್ಲಿ ಲೆಕ್ಕಕ್ಕೆ ಬಂದಿವೆ. ಹಳ್ಳಿಯೊಂದರಲ್ಲಿ ಗ್ರಂಥಭಂಡಾರವಿತ್ತೆಂದರೆ ಅಲ್ಲಿ ಓದುವವರಿದ್ದರೆಂದು ಮಾತ್ರವಲ್ಲ, ಬರೆಯಬಲ್ಲ ಕೈಗಳಿದ್ದವೆಂದೂ ತಿಳಿಯಬೇಕು.

ಆ ಕೈಗಳು ಹಿಡಿದ ಸಾಧನಗಳನ್ನು ಮೊದಲು ನೋಡೋಣ. ಓಲೆಗೆ ಎರಡು ಜಾತಿಯ ಮರಗಳು. ಒಂದು ಸಾಮಾನ್ಯ ತಾಳೆ. ಅದರ ಗರಿ ದಪ್ಪ, ಒರಟು. ಇನ್ನೊಂದು ಶ್ರೀತಾಳೆ, ತುಳುವರು ಪಣೋಲಿ ಎನ್ನುವುದು ಇದನ್ನೇ. ಇದರ ಗರಿ ಅಗಲವಾಗಿ, ತೆಳುವಾಗಿ, ಬಟ್ಟೆಯಂತೆ ಬಾಗುತ್ತದೆ. ಹಲವು ದಶಕಗಳ ಕಾಲ ಬೆಳೆದು, ಬದುಕಿನಲ್ಲಿ ಒಂದೇ ಸಲ ಹೂಬಿಟ್ಟು, ಕಾಯಿ ಮಾಗಿದ ಮೇಲೆ ಸಾಯುವ ಮರವಿದು. ಗರಿಯನ್ನು ಕೊಯ್ದು, ನೀರಿನಲ್ಲಿ ಬೇಯಿಸಿ, ನೆರಳಿನಲ್ಲಿ ಒಣಗಿಸಿ, ಉಜ್ಜಿ ನುಣುಪು ಮಾಡಿ, ಒಂದೇ ಅಳತೆಗೆ ಕತ್ತರಿಸಿ, ತೂತು ಕೊರೆದು ದಾರ ಪೋಣಿಸುವುದಕ್ಕೆ ವಾರಗಳು ಹಿಡಿಯುತ್ತಿದ್ದವು. ಮೇಲೂ ಕೆಳಗೂ ಮರದ ಹಲಗೆಗಳನ್ನಿಟ್ಟು ಕಟ್ಟಿದರೆ ಬರೆಯದ ಪುಸ್ತಕವೊಂದು ಸಿದ್ಧವಾಯಿತು.

ಬರೆಯುವ ಉಪಕರಣ ಕಂಟ. ಮೊನೆಯಾದ ಉಕ್ಕಿನ ಕಡ್ಡಿ; ಕೆಲವಕ್ಕೆ ಹಿಡಿಯ ತುದಿಯಲ್ಲಿ ಗರಿಯನ್ನು ಕತ್ತರಿಸುವ ಅಲಗೂ ಇರುತ್ತಿತ್ತು. ಲೇಖನಿಯಂತೆ ಇದನ್ನು ಓಡಿಸುವುದಲ್ಲ. ಲಿಪಿಕಾರನು ಗರಿಯನ್ನು ಎಡಗೈಯಲ್ಲಿ ಹಿಡಿದು, ಎಡಗೈಯ ಹೆಬ್ಬೆರಳಿನ ಉಗುರಿಗೆ ಕಂಟವನ್ನು ಆನಿಸಿ, ಬಲಗೈಯನ್ನು ಹೆಚ್ಚು ಅಲುಗಿಸದೆ ಗರಿಯನ್ನೇ ಮೆಲ್ಲನೆ ಸರಿಸುತ್ತ ಕೊರೆಯುತ್ತಿದ್ದನು. ಕಂಟ ನಿಲ್ಲಲೆಂದು ಆ ಉಗುರನ್ನು ಬೆಳೆಸಿ ಕಚ್ಚು ಮಾಡಿಕೊಳ್ಳುವುದೂ ಉಂಟು. ಹೀಗೆ ಕೊರೆದ ಅಕ್ಷರ ಬರೆಯುವಾಗ ಕಾಣುವುದೇ ಇಲ್ಲವೆನ್ನಬಹುದು. ಪತ್ರ ತುಂಬಿದ ಮೇಲೆ ದೀಪದ ಕಾಡಿಗೆಯನ್ನು ಎಣ್ಣೆಯಲ್ಲಿ ಕಲಸಿ, ಇಲ್ಲವೇ ಹಸಿಸೊಪ್ಪಿನ ರಸವನ್ನು ಸೇರಿಸಿ, ಉಜ್ಜಿ ಒರೆಸಿದಾಗ ಕಪ್ಪು ಗೆರೆಗಳಲ್ಲಿ ಮಾತು ಮೂಡುತ್ತದೆ. ಕಾಣದ ಬರಹ ಒಮ್ಮೆಲೇ ಕಾಣಿಸಿಕೊಳ್ಳುವ ಈ ಗಳಿಗೆಯ ಸಂತೋಷವನ್ನು ಕಾಗದದ ಮೇಲೆ ಬರೆಯುವ ನಾವು ಅರಿಯೆವು.

ಕನ್ನಡದ ಅಕ್ಷರಗಳು ದುಂಡಾಗಿರುವುದಕ್ಕೆ ಈ ಕಂಟವೇ ಕಾರಣ, ಅಡ್ಡಗೆರೆ ಎಳೆದರೆ ಗರಿ ಸೀಳುತ್ತದೆ ಎಂಬ ವಿವರಣೆ ಸಾಮಾನ್ಯವಾಗಿ ಕೇಳಿಬರುತ್ತದೆ. ಇದರಲ್ಲಿ ಸತ್ಯಾಂಶವಿದೆಯಾದರೂ ಇಷ್ಟರಿಂದಲೇ ಎಲ್ಲವೂ ಬಗೆಹರಿಯುವುದಿಲ್ಲ. ತಮಿಳರೂ ಗರಿಯ ಮೇಲೆಯೇ ಕೊರೆದರು. ಅವರ ಅಕ್ಷರಗಳಲ್ಲಿ ನೇರಗೆರೆಗಳೂ ಮೂಲೆಗಳೂ ಉಳಿದವು. ಕಲ್ಲಿನ ಶಾಸನಗಳಲ್ಲಿಯೂ ಕನ್ನಡ ಅಕ್ಷರ ಶತಮಾನದಿಂದ ಶತಮಾನಕ್ಕೆ ದುಂಡಾಗುತ್ತ ಬಂದಿದೆ. ಉಪಕರಣದೊಡನೆ ಕೈಯ ರೂಢಿಯೂ ಕಣ್ಣಿನ ರುಚಿಯೂ ಸೇರಿ ಲಿಪಿಯನ್ನು ತಿದ್ದಿರಬೇಕೆಂದು ತೋರುತ್ತದೆ.

ಮೇಲಾಗಿ, ಓಲೆಯೆಂದರೆ ಕಂಟದಿಂದ ಕೊರೆದದ್ದೇ ಎಂದು ಭಾವಿಸುವುದೂ ಸರಿಯಲ್ಲ. ಮೂಡುಬಿದಿರೆಯ ಸಿದ್ಧಾಂತ ಬಸದಿಯಲ್ಲಿ ರಕ್ಷಿತವಾಗಿ ಬಂದ ಧವಳಾದಿ ಗ್ರಂಥಗಳ ಪ್ರಾಚೀನ ಪ್ರತಿಗಳು ಶ್ರೀತಾಳೆಯ ಗರಿಗಳ ಮೇಲೆ ಮಸಿಯಿಂದ ಬರೆದವು. ಅವುಗಳಲ್ಲಿ ಬಣ್ಣದ ಚಿತ್ರಗಳೂ ಇವೆ. ಷಟ್ಖಂಡಾಗಮಕ್ಕೆ ವೀರಸೇನಾಚಾರ್ಯರು 816ರಲ್ಲಿ ಮುಗಿಸಿದ ಧವಳಾ ಟೀಕೆ, ಕಷಾಯಪ್ರಾಭೃತಕ್ಕೆ ಅವರು ಆರಂಭಿಸಿ ಶಿಷ್ಯ ಜಿನಸೇನರು 837ರಲ್ಲಿ ಪೂರೈಸಿದ ಜಯಧವಳಾ, ಮತ್ತು ಮಹಾಧವಳವೆಂದು ಹೆಸರಾದ ಮಹಾಬಂಧ, ಈ ಮೂರು ಹನ್ನೆರಡನೆಯ ಶತಮಾನದ ಹೊತ್ತಿನ ಕನ್ನಡ ಲಿಪಿಯಲ್ಲಿ ಅಲ್ಲಿ ಉಳಿದವು. ಭಾಷೆ ಪ್ರಾಕೃತ, ಸಂಸ್ಕೃತ, ಅಕ್ಷರ ಕನ್ನಡ. ಧವಳಾ ಪ್ರತಿಯ ಕೊನೆಯ ಪ್ರಶಸ್ತಿಯು ಅದನ್ನು ಬರೆಯಿಸಿ ಶುಭಚಂದ್ರ ಸಿದ್ಧಾಂತದೇವರಿಗೆ ಅರ್ಪಿಸಿದವಳು ದೇಮಿಯಕ್ಕ ಎಂದು ತಿಳಿಸುತ್ತದೆ. ಆ ಮುನಿಗಳು 1123ರಲ್ಲಿ ದೇಹವಿಟ್ಟರೆಂದು ಶ್ರವಣಬೆಳಗೊಳದ ಶಾಸನ ಹೇಳುವುದರಿಂದ ಪ್ರತಿಯ ಕಾಲ ಅದಕ್ಕೂ ಮುಂಚಿನದು. ಮಹಾಬಂಧವನ್ನು ಬರೆಯಿಸಿದವಳೂ ಒಬ್ಬ ಸ್ತ್ರೀ, ಮಲ್ಲಿಕಬ್ಬೆ. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದ ಅತ್ತಿಮಬ್ಬೆಯ ಹೆಸರು ಎಲ್ಲರಿಗೂ ಗೊತ್ತು. ಆಕೆ ಒಬ್ಬಳೇ ಅಲ್ಲವೆಂಬುದನ್ನು ಈ ಪ್ರಶಸ್ತಿಗಳು ತೋರಿಸುತ್ತವೆ.

ಬರೆವಣಿಗೆಯ ಪ್ರಮಾಣವನ್ನು ಹಿಂದಿನವರು ಗ್ರಂಥದ ಲೆಕ್ಕದಲ್ಲಿ ಅಳೆಯುತ್ತಿದ್ದರು. 32 ಅಕ್ಷರಗಳಿಗೆ ಒಂದು ಗ್ರಂಥ. ಧವಳಾ ಟೀಕೆಯ ಪ್ರಮಾಣ 72,000 ಗ್ರಂಥವೆಂದು ಪರಂಪರೆ ಹೇಳುತ್ತದೆ. ಎಂದರೆ 23 ಲಕ್ಷ ಅಕ್ಷರಗಳಿಗೂ ಮೇಲಾಯಿತು. ಜಯಧವಳಾ 60,000 ಗ್ರಂಥ. ಇದೆಲ್ಲವನ್ನೂ ಮಸಿಯಲ್ಲಿ ಅದ್ದಿ ಅದ್ದಿ ಬರೆದ ಕೈಯನ್ನು ಊಹಿಸಿಕೊಳ್ಳಬೇಕು. ಬೆನ್ನು ಬಾಗಿತು, ಕೊರಳು ನೊಂದಿತು, ಕಣ್ಣು ಕುಗ್ಗಿತು, ಇಷ್ಟು ಕಷ್ಟದಿಂದ ಬರೆದುದನ್ನು ಎಣ್ಣೆಯಿಂದಲೂ ನೀರಿನಿಂದಲೂ ಸಡಿಲಾದ ಕಟ್ಟಿನಿಂದಲೂ ಕಾಪಾಡಿರಿ ಎಂಬ ಅರ್ಥದ ಮಾತುಗಳನ್ನು ಲಿಪಿಕಾರರು ಪ್ರತಿಯ ಕೊನೆಯಲ್ಲಿ ಬರೆಯುವುದು ವಾಡಿಕೆಯಾಗಿತ್ತು. ಅದು ಬರಿಯ ವಾಡಿಕೆಯ ಮಾತಾಗಿದ್ದರೂ ಸುಳ್ಳಲ್ಲ.

ಶತಮಾನಗಳ ಕಾಲ ಈ ಧವಳಾದಿಗಳು ದರ್ಶನಕ್ಕೆ ಮಾತ್ರ ದೊರೆಯುತ್ತಿದ್ದವು, ಓದಿಗೆ ದೊರೆಯುತ್ತಿರಲಿಲ್ಲ. 1883ರಲ್ಲಿ ಯಾತ್ರೆಗೆ ಬಂದ ಮುಂಬಯಿಯ ಶೇಠ್ ಮಾಣಿಕಚಂದರು ಗರಿಗಳು ಜೀರ್ಣವಾಗುತ್ತಿರುವುದನ್ನು ಕಂಡು ಸೊಲ್ಲಾಪುರದ ಶೇಠ್ ಹೀರಾಚಂದ ನೇಮಚಂದರಿಗೆ ತಿಳಿಸಿದರು. ಮಾತುಕತೆಯಲ್ಲಿ ವರ್ಷಗಳು ಕಳೆದು, 1896ರ ಸುಮಾರಿಗೆ ಪ್ರತಿ ಮಾಡುವ ಕೆಲಸ ಮೊದಲಾಯಿತು. ಶ್ರವಣಬೆಳಗೊಳದ ಬ್ರಹ್ಮಸೂರಿ ಶಾಸ್ತ್ರಿಗಳೂ ಮಿರಜಿನ ಗಜಪತಿ ಶಾಸ್ತ್ರಿಗಳೂ ಲಿಪಿಕಾರರಾದರು. ಬ್ರಹ್ಮಸೂರಿ ಶಾಸ್ತ್ರಿಗಳು ನಡುವೆಯೇ ತೀರಿಕೊಂಡರು. ಗಜಪತಿ ಶಾಸ್ತ್ರಿಗಳು ನಾಗರಿಯಲ್ಲಿ ಕೆಲಸವನ್ನು ಮುಂದುವರಿಸಿದರು. ಜೊತೆಗೆ ಸ್ಥಳೀಯ ವಿದ್ವಾಂಸರ ಕೈಯಿಂದ ಹೊಸಗನ್ನಡ ಲಿಪಿಯ ಪ್ರತಿಯೂ ಸಿದ್ಧವಾಯಿತು. ಮಹಾಬಂಧದ ನಾಗರಿ ಪ್ರತಿಯನ್ನು ಪಂಡಿತ ಲೋಕನಾಥ ಶಾಸ್ತ್ರಿಗಳು ಬರೆದು ಮುಗಿಸುವ ವೇಳೆಗೆ 1922 ಬಂದಿತ್ತು. ಇಪ್ಪತ್ತಾರು ವರ್ಷಗಳ ಬರೆವಣಿಗೆ! ಪ್ರತಿಗಳು ಮೂಡುಬಿದಿರೆಯನ್ನು ಬಿಟ್ಟು ಹೊರಗೆ ಹೋಗಬಾರದೆಂಬುದು ಭಂಡಾರದವರ ನಿಬಂಧನೆ.

ಆದರೆ ಗಜಪತಿ ಶಾಸ್ತ್ರಿಗಳು ತಮ್ಮ ವಿದುಷಿ ಪತ್ನಿ ಲಕ್ಷ್ಮೀಬಾಯಿಯವರ ನೆರವಿನಿಂದ ಗುಪ್ತವಾಗಿ ಕನ್ನಡ ಲಿಪಿಯಲ್ಲಿ ಇನ್ನೊಂದು ಪ್ರತಿಯನ್ನು ಬರೆದಿಟ್ಟುಕೊಂಡರು. ಅದನ್ನು ಕೊಳ್ಳಿರೆಂದು ಕೇಳಿದಾಗ ಮೊದಲಿಗೆ ಈ ಕಾರ್ಯಕ್ಕೆ ಹಣ ಕೂಡಿಸಿದ್ದ ಶೇಠರು, ಕೊಟ್ಟ ಮಾತಿಗೆ ವಿರುದ್ಧವೆಂದು ನಿರಾಕರಿಸಿದರು. ಕೊನೆಗೆ ಸಹಾರನಪುರದ ಲಾಲಾ ಜಂಬೂಪ್ರಸಾದರು ಪಡೆದುಕೊಂಡು ತಮ್ಮ ಮಂದಿರದಲ್ಲಿರಿಸಿದರು. ಅಲ್ಲಿ ಕನ್ನಡದಿಂದ ನಾಗರಿಗೆ ಲಿಪ್ಯಂತರವಾಗುವಾಗ ಪಂಡಿತ ಸೀತಾರಾಮ ಶಾಸ್ತ್ರಿಗಳು ಮತ್ತೊಂದು ಪ್ರತಿಯನ್ನು ಉಳಿಸಿಕೊಂಡರು; ಅದರಿಂದ ಹುಟ್ಟಿದ ಪ್ರತಿಗಳು ಉತ್ತರದ ಹಲವೆಡೆಗೆ ಹರಡಿದವು. ಅವುಗಳ ಆಧಾರದಿಂದಲೇ ಪ್ರೊ. ಹೀರಾಲಾಲ ಜೈನರು 1939ರಲ್ಲಿ ಅಮರಾವತಿಯಿಂದ ಧವಳೆಯ ಮೊದಲ ಸಂಪುಟವನ್ನು ಹೊರತಂದರು. ಮುಂದೆ ಅದು 16 ಸಂಪುಟಗಳಾಗಿ ಪೂರ್ಣಗೊಂಡಿತು.

ಈ ಗುಪ್ತ ಪ್ರತಿಯ ಬಗೆಗೆ ಏನೆನ್ನಬೇಕು? ಬರೆಯುವವನ ಕೈ ಬರೆಯಿಸುವವರ ನಂಬಿಕೆಗೆ ಬದ್ಧವಾದುದು. ಆ ನಂಬಿಕೆ ಇಲ್ಲಿ ಮುರಿಯಿತೆಂಬುದರಲ್ಲಿ ಸಂದೇಹವಿಲ್ಲ. ಆದರೆ ಆ ದಂಪತಿಗಳು ರಾತ್ರಿಯ ದೀಪವನ್ನು ಆರಿಸಿ ಮಲಗಿದ್ದರೆ 1939ರ ಸಂಪುಟ ಅಂದು ಹೊರಡುತ್ತಿರಲಿಲ್ಲವೆಂಬುದೂ ಅಷ್ಟೇ ನಿಜ. ಶೇಠರ ನಿರಾಕರಣೆಯೇ ನನಗೆ ಹೆಚ್ಚು ಗೌರವಾರ್ಹವಾಗಿ ತೋರುತ್ತದೆ. ಗ್ರಂಥದ ಉಪಕಾರ ಮಾತ್ರ ಇನ್ನೊಂದು ಕಡೆಯಿಂದ ಬಂದಿತು. ಮೂಡುಬಿದಿರೆಯವರೂ ಹಗೆ ಸಾಧಿಸದೆ, ಮುದ್ರಣ ಆರಂಭವಾದ ಬಳಿಕ ಮೂಲ ಓಲೆಗಳೊಡನೆ ಪಾಠವನ್ನು ಹೋಲಿಸಲು ಸಹಕಾರ ನೀಡಿದರು.

ಆ ಹೋಲಿಕೆಯ ಅಗತ್ಯ ಎಷ್ಟೆಂಬುದಕ್ಕೆ ಒಂದು ಶಬ್ದದ ಕಥೆ ಸಾಕು. ಓಲೆಯಲ್ಲಿ ಪದಗಳ ನಡುವೆ ತೆರಪಿಲ್ಲ. ದಕಾರ ಧಕಾರಗಳು, ಪಕಾರ ವಕಾರಗಳು ಒಂದನ್ನೊಂದು ಹೋಲುತ್ತವೆ. ಕನ್ನಡ ಲಿಪಿಯ ಪ್ರಾಕೃತ ಪ್ರತಿಗಳಲ್ಲಿ ಒತ್ತಕ್ಷರವನ್ನು ಅದರ ಹಿಂದೆ ಸೊನ್ನೆಯಿಟ್ಟು ಸೂಚಿಸುವ ಪದ್ಧತಿಯಿರುವುದರಿಂದ ಅದನ್ನು ಅನುಸ್ವಾರವೆಂದು ಭ್ರಮಿಸುವುದೂ ಸುಲಭ. ಮೊದಲ ಸಂಪುಟದ 93ನೆಯ ಸೂತ್ರ ಮನುಷ್ಯಸ್ತ್ರೀಯರ ಗುಣಸ್ಥಾನಗಳನ್ನು ಕುರಿತದ್ದು. ಕಾಗದದ ಪ್ರತಿಗಳಲ್ಲಿ ಅದು ‘ಸಂಜದಾಸಂಜದ’ದ ವರೆಗೆ ಮಾತ್ರ ಇತ್ತು. ಅದರ ಮುಂದೆ ‘ಸಂಜದ’ ಎಂಬ ಶಬ್ದ ಇದ್ದಿರಲೇಬೇಕೆಂದು ಹೀರಾಲಾಲರು ಟೀಕೆಯ ಆಧಾರದಿಂದ ಊಹಿಸಿ ಅಡಿಟಿಪ್ಪಣಿಯಲ್ಲಿ ಸೂಚಿಸಿದರು. ಪೂರ್ಣ ಸಂಯಮದ ಸ್ಥಾನ ಸ್ತ್ರೀಗೆ ಹೇಳಲ್ಪಟ್ಟಿದೆಯೆ, ಹೇಳಿದ್ದರೆ ಅದರ ಅರ್ಥವೇನು ಎಂಬ ದೊಡ್ಡ ಪ್ರಶ್ನೆ ಈ ಮೂರಕ್ಷರವನ್ನು ಅವಲಂಬಿಸಿದ್ದುದರಿಂದ ಪಂಡಿತರಲ್ಲಿ ತೀವ್ರ ವಿವಾದವೆದ್ದಿತು. ಮೂಡುಬಿದಿರೆಯ ಓಲೆಯನ್ನು ಬಿಚ್ಚಿ ನೋಡಿದಾಗ ಶಬ್ದ ಅಲ್ಲಿತ್ತು. ‘ಸಂಜದಾಸಂಜದ’ದ ಬೆನ್ನಿಗೇ ‘ಸಂಜದ’ ಬಂದುದರಿಂದ ಪ್ರತಿಕಾರನ ಕಣ್ಣು ಒಂದರಿಂದ ಇನ್ನೊಂದಕ್ಕೆ ಜಾರಿರಬೇಕು. ದಣಿದ ಕಣ್ಣಿನ ಒಂದು ನಿಮಿಷದ ಜಾರುವಿಕೆಯಿಂದ ಇಷ್ಟೊಂದು ವಾದ!

ನಮ್ಮ ವೀರಶೈವ ವಾಙ್ಮಯಕ್ಕೂ ಈ ಸೀಮೆಯ ಕೈಬರಹಕ್ಕೂ ಇರುವ ಸಂಬಂಧವನ್ನು ಇಲ್ಲಿ ಹೇಳದೆ ಬಿಡುವಂತಿಲ್ಲ. ಭರತೇಶವೈಭವದ ಸುಮಾರು ಹತ್ತು ಸಾವಿರ ಪದ್ಯಗಳನ್ನು ರಚಿಸಿದ ಮೂಡುಬಿದಿರೆಯ ರತ್ನಾಕರವರ್ಣಿಯು ಕೆಲಕಾಲ ವೀರಶೈವನಾಗಿ ಬಸವಪುರಾಣವೊಂದನ್ನು ಬರೆದನೆಂದು ದೇವಚಂದ್ರನ ರಾಜಾವಳೀಕಥೆ ಹೇಳುತ್ತದೆ. ಅದನ್ನು ಎಷ್ಟು ನಂಬಬೇಕೆಂಬುದು ಬೇರೆಯ ವಿಚಾರ. ಊರೂರಲ್ಲಿ ಮಕ್ಕಳಿಗೆ ಅಕ್ಷರ ಕಲಿಸುತ್ತಿದ್ದ ಶಾಲೆಗೆ ಘಟ್ಟದ ಮೇಲಿನಂತೆ ಕರಾವಳಿಯಲ್ಲಿಯೂ ಐಗಳ ಮಠವೆಂದೇ ಹೆಸರು. ಅಲ್ಲಿ ಮೊದಲ ಲೇಖನಿ ಬೆರಳೇ, ಮೊದಲ ಪುಟ ಹೊಯಿಗೆಯೇ. ತಿದ್ದಿ ತಿದ್ದಿ ಕೈ ಪಳಗಿದ ಮೇಲೆ ಓಲೆಯೂ ಕಂಟವೂ ಬಂದವು. ಘಟ್ಟದ ಮೇಲೆ ಹುಣಿಸೆಬೀಜದ ಅಂಟನ್ನೂ ಇದ್ದಿಲನ್ನೂ ಬಳಿದ ಬಟ್ಟೆಯ ಕಡತದ ಮೇಲೆ ಬಳಪದಿಂದ ಬರೆಯುತ್ತಿದ್ದರು.

ಇನ್ನೊಂದು ಸಂಬಂಧ ಮಂಗಳೂರಿನದು. ಬಾಸೆಲ್ ಮಿಶನ್ನಿನವರು ಅಲ್ಲಿ 1841ರಲ್ಲಿ ಆರಂಭಿಸಿದ್ದು ಕಲ್ಲಚ್ಚು. ಜಿಡ್ಡಿನ ಮಸಿಯಿಂದ ಬರೆದ ಕೈಬರಹವನ್ನೇ ಕಲ್ಲಿನಿಂದ ಕಾಗದಕ್ಕೆ ಇಳಿಸುವ ಕ್ರಮವದು. 1843ರ ಜುಲೈ 1ರಂದು ಹೆರ್ಮನ್ ಮೋಗ್ಲಿಂಗರು ಹೊರಡಿಸಿದ ಮಂಗಳೂರು ಸಮಾಚಾರ, ಕನ್ನಡದ ಮೊದಲ ವೃತ್ತಪತ್ರಿಕೆ, ಹೀಗೆ ಕೈಬರಹದಲ್ಲಿಯೇ ಓದುಗರ ಕೈ ಸೇರಿತು. 1848ರಿಂದ ಮುಂದೆ ಅವರು ಬಿಬ್ಲಿಯೋಥೆಕಾ ಕರ್ನಾಟಿಕಾ ಎಂಬ ಮಾಲೆಯಲ್ಲಿ ಬಸವಪುರಾಣ, ಚೆನ್ನಬಸವಪುರಾಣ, ಜೈಮಿನಿಭಾರತ ಮೊದಲಾದವನ್ನು ಕಲ್ಲಚ್ಚಿನಲ್ಲಿಯೇ ಪ್ರಕಟಿಸಿದರು. ಭೀಮಕವಿಯು 1369ರಲ್ಲಿ ಮುಗಿಸಿದ ಪುರಾಣ ಓಲೆಯಿಂದ ಅಚ್ಚಿಗೆ ಬರುವಾಗಲೂ ಯಾರೋ ಒಬ್ಬ ಲಿಪಿಕಾರನ ಕೈಯ ಆಕಾರವನ್ನು ಹೊತ್ತುಕೊಂಡೇ ಬಂದಿತು. ಮುದ್ರಣ ಬಂದೊಡನೆ ಕೈಬರಹ ಸತ್ತಿತೆಂಬ ಮಾತು ಆದುದರಿಂದ ಕನ್ನಡದ ಮಟ್ಟಿಗೆ ಅಷ್ಟು ನಿಜವಲ್ಲ.

ಕಾರ್ಕಳದ ನಂದಳಿಕೆಯ ಲಕ್ಷ್ಮೀನಾರಣಪ್ಪ, ನಮ್ಮ ಮುದ್ದಣ (1870–1901), ಈ ಹಳೆಯ ಓಲೆಗಳ ಗೌರವವನ್ನು ಸೊಗಸಾಗಿ ಬಳಸಿಕೊಂಡನು. ತಾನು ಬರೆದ ಅದ್ಭುತ ರಾಮಾಯಣ, ರಾಮಾಶ್ವಮೇಧಗಳನ್ನು ತನ್ನದೆನ್ನದೆ, ಪ್ರಾಚೀನ ಗ್ರಂಥಗಳೆಂದು ಮೈಸೂರಿನ ಪತ್ರಿಕೆಗಳಿಗೆ ಕಳುಹಿದನು. ವ್ಯಾಯಾಮ ಶಿಕ್ಷಕನೊಬ್ಬನ ಹೊಸ ಕಾವ್ಯಕ್ಕಿಂತ ಹಳೆಯ ಪ್ರತಿಗೆ ಬೆಲೆ ಹೆಚ್ಚೆಂದು ಆತ ಬಲ್ಲನು. ಪಾಪ, ಕೀರ್ತಿ ಬರುವಷ್ಟರಲ್ಲಿ ಕ್ಷಯ ಅವನನ್ನು ಒಯ್ದಿತ್ತು.

ಕಾಗದ ಬಂದ ಮೇಲೆ ಲಾಳದ ಕಡ್ಡಿಯನ್ನು ಓರೆಯಾಗಿ ಕೊಯ್ದು ಮಾಡಿದ ಲೆಕ್ಕಣಿಕೆ ಬಳಕೆಯಾಯಿತು. ದಪ್ಪ ಸಣ್ಣ ಗೆರೆಗಳ ಚೆಲುವು ಕೊಯ್ದ ಓರೆಯನ್ನೇ ಅವಲಂಬಿಸಿತ್ತು. ಮಸಿಯನ್ನು ಮನೆಯಲ್ಲಿಯೇ ಮಾಡುತ್ತಿದ್ದರು: ಕಾಡಿಗೆ ಮತ್ತು ಗೋಂದು, ಇಲ್ಲವೇ ಕಬ್ಬಿಣದೊಡನೆ ನೆನೆಹಾಕಿದ ಅಳಲೆಕಾಯಿಯ ಕಷಾಯ. ಆಮೇಲೆ ವಿಲಾಯಿತಿಯ ಉಕ್ಕಿನ ನಿಬ್ಬು, ದೌತಿ, ಶಾಯಿಪೆನ್ನು ಬಂದವು. ಸ್ವದೇಶಿಯ ಕಾಲದಲ್ಲಿ, 1932ರಲ್ಲಿ ಆಂಧ್ರದ ರಾಜಮಹೇಂದ್ರಿಯಲ್ಲಿ ಹುಟ್ಟಿದ ರತ್ನಂ ಪೆನ್ನು ದೇಶದಲ್ಲೆಲ್ಲ ಹೆಸರಾಯಿತು. ಶಾಯಿಪೆನ್ನಿನ ನಿಬ್ಬು ಒಬ್ಬನ ಕೈಗೆ ಪಳಗಿದರೆ ಇನ್ನೊಬ್ಬನಿಗೆ ಸರಿಹೋಗದು. ಸಾಲ ಕೊಡಲು ಹಿಂಜರಿಯುವುದು ಅದಕ್ಕಾಗಿಯೇ. ಬಾಲ್‌ಪೆನ್ನಿಗೆ ಈ ಅಭಿಮಾನವಿಲ್ಲ. ಅದು ಯಾರ ಕೈಯಲ್ಲಿಯೂ ಒಂದೇ ಗೆರೆ ಎಳೆಯುತ್ತದೆ, ಮುಗಿದರೆ ಎಸೆಯಲ್ಪಡುತ್ತದೆ.

ಭೂತಬಲಿ ಆಚಾರ್ಯರು ಷಟ್ಖಂಡಾಗಮವನ್ನು ಪುಸ್ತಕಾರೂಢ ಮಾಡಿ ಮುಗಿಸಿದ ದಿನವೆಂದು ಜೈನರು ಜ್ಯೇಷ್ಠ ಶುದ್ಧ ಪಂಚಮಿಯನ್ನು ಶ್ರುತಪಂಚಮಿಯಾಗಿ ಆಚರಿಸುತ್ತಾರೆ. ಬಾಯಿಯಿಂದ ಬಾಯಿಗೆ ಬರುತ್ತಿದ್ದುದು ಬರಹಕ್ಕೆ ಇಳಿದ ದಿನಕ್ಕೊಂದು ಹಬ್ಬ. ದೇಮಿಯಕ್ಕ ಧವಳಾ ಪ್ರತಿಯನ್ನು ಅರ್ಪಿಸಿದ್ದೂ ಈ ವ್ರತದ ಉದ್ಯಾಪನೆಯಂದೇ. ಕರಾವಳಿಯಲ್ಲಿ ಮುಂಗಾರು ಹಿಡಿಯುವ ಹೊತ್ತದು. ಅಂದು ಭಂಡಾರದ ಕಟ್ಟುಗಳನ್ನು ಹೊರತೆಗೆದು, ಧೂಳು ಝಾಡಿಸಿ, ಹೊಸ ವಸ್ತ್ರ ಸುತ್ತಿ, ಪೂಜಿಸಿ, ದಾರವನ್ನು ಬಿಗಿಯಾಗಿ ಕಟ್ಟಿ ಮತ್ತೆ ಒಳಗಿರಿಸುತ್ತಾರೆ.