ಒದ್ದು ಓಡಿದ ಹುಡುಗ

ಮಕ್ಕಳ ಸಾಮಾಜಿಕ ಮತ್ತು ಭಾವನಾತ್ಮಕ ಬೆಳವಣಿಗೆಯ ಮಾತು ನಮ್ಮ 2020ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲೂ ಇದೆ. ಈ ಮಾತಿನ ಹಿಂದಿನ ಚರಿತ್ರೆಯನ್ನು ಹುಡುಕಿ ಹೊರಟವರಿಗೆ ಅಮೆರಿಕದ ನ್ಯೂ ಹೇವನ್ ನಗರದ ಎರಡು ಪ್ರಾಥಮಿಕ ಶಾಲೆಗಳು ಎದುರಾಗುತ್ತವೆ. ಅಲ್ಲಿ ಓದುತ್ತಿದ್ದವರು ಹೆಚ್ಚುಕಡಿಮೆ ಎಲ್ಲರೂ ಕಪ್ಪು ಸಮುದಾಯದ ಬಡವರ ಮಕ್ಕಳು. ಕಲಿಕೆಯಲ್ಲಿ ನಗರಕ್ಕೇ ಕೊನೆ.

1968ರಲ್ಲಿ ಯೇಲ್ ವಿಶ್ವವಿದ್ಯಾಲಯದ ಮಕ್ಕಳ ಅಧ್ಯಯನ ಕೇಂದ್ರದ ತಂಡವೊಂದು ಅಲ್ಲಿಗೆ ಹೋಯಿತು. ಅದರ ಮುಂದಾಳು ಜೇಮ್ಸ್ ಕೋಮರ್, ಮನೋವೈದ್ಯರು. ತಂದೆ ಉಕ್ಕಿನ ಕಾರ್ಖಾನೆಯ ಕೆಲಸಗಾರ, ತಾಯಿ ಮನೆಗೆಲಸದವರು. ತಮ್ಮಷ್ಟೇ ಚುರುಕಾಗಿದ್ದ ಮೂವರು ಬಾಲ್ಯದ ಗೆಳೆಯರಲ್ಲಿ ಒಬ್ಬ ಕುಡಿದು ಸತ್ತ, ಇನ್ನೊಬ್ಬ ಬದುಕಿನ ಬಹುಭಾಗ ಜೈಲಿನಲ್ಲಿ ಕಳೆದ, ಮತ್ತೊಬ್ಬ ಮಾನಸಿಕ ಆಸ್ಪತ್ರೆಗೆ ಹೋಗಿಬರುತ್ತಲೇ ಇದ್ದ. ತಾವು ಮಾತ್ರ ಹೇಗೆ ಉಳಿದೆವು ಎಂಬ ಪ್ರಶ್ನೆ ಕೋಮರ್ ಅವರನ್ನು ಬಿಡಲಿಲ್ಲ.

ಮೊದಲ ವರ್ಷ ಗೊಂದಲವೋ ಗೊಂದಲ. ಪೋಷಕರು ಪ್ರತಿಭಟನೆಗೇ ಇಳಿದರು. ಆಮೇಲೆ ಮುಖ್ಯೋಪಾಧ್ಯಾಯರು, ಶಿಕ್ಷಕರು, ಪೋಷಕರು ಒಟ್ಟಿಗೆ ಕೂತು ಶಾಲೆಯ ವಿಷಯ ತೀರ್ಮಾನಿಸುವ ಸಮಿತಿ ಬಂತು. ಅದರ ಕಟ್ಟಳೆಗಳಲ್ಲಿ ಒಂದು: ಯಾರ ಮೇಲೂ ತಪ್ಪು ಹೊರಿಸಕೂಡದು. ಜೊತೆಗೆ, ಮಕ್ಕಳ ಮನಸ್ಸನ್ನು ಬಲ್ಲವರ ಇನ್ನೊಂದು ತಂಡ.

ಕೋಮರ್ ಬರೆದಿರುವ ಒಂದು ಪ್ರಸಂಗವನ್ನು ನಾನು ಮತ್ತೆಮತ್ತೆ ಓದಿದ್ದೇನೆ. ಉತ್ತರ ಕೆರೊಲಿನಾದ ಹಳ್ಳಿಯಿಂದ ಎಂಟು ವರ್ಷದ ಹುಡುಗನೊಬ್ಬ ಆಗಷ್ಟೇ ನಗರಕ್ಕೆ ಬಂದಿದ್ದ. ಆಂಟ್ (ಚಿಕ್ಕಮ್ಮನೋ ಸೋದರತ್ತೆಯೋ, ಇಂಗ್ಲಿಷ್ ಹೇಳುವುದಿಲ್ಲ) ಕೆಲಸಕ್ಕೆ ಹೋಗುವ ದಾರಿಯಲ್ಲಿ ಅವನನ್ನು ಶಾಲೆಗೆ ಬಿಟ್ಟು ಹೋದಳು. ಹೊಸ ಮಕ್ಕಳನ್ನು ಸೇರಿಸಿಕೊಂಡು ಸಾಕಾಗಿದ್ದ ಶಿಕ್ಷಕಿಯ ಮುಖ ಸಣ್ಣಗಾಯಿತು. ಹುಡುಗ ದಿಗಿಲುಬಿದ್ದು, ಶಿಕ್ಷಕಿಯ ಕಾಲಿಗೆ ಒದ್ದು, ಹೊರಗೋಡಿದ.

ಹಳೆಯ ಪದ್ಧತಿಯಾಗಿದ್ದರೆ ಮುಖ್ಯೋಪಾಧ್ಯಾಯರ ಕೋಣೆ, ಶಿಕ್ಷೆ, ಮರಳಿದಾಗ ಸಹಪಾಠಿಗಳ ನಗು, ಮತ್ತೆ ಜಗಳ; ಕೊನೆಗೆ ‘ಮಾನಸಿಕ ತೊಂದರೆಯ ಮಗು’ ಎಂಬ ಹಣೆಪಟ್ಟಿ. ತಂಡ ಬೇರೆ ಪ್ರಶ್ನೆ ಕೇಳಿತು: ಗೊತ್ತಿರುವವರು ಒಬ್ಬರೂ ಇಲ್ಲದ ದೊಡ್ಡ ಕಟ್ಟಡದಲ್ಲಿ ಒಂಟಿಯಾಗಿ ನಿಂತ ಎಂಟು ವರ್ಷದವನಿಗೆ ಹೇಗೆ ಕಂಡಿರಬೇಕು? ಅವನನ್ನು ಬರಮಾಡಿಕೊಳ್ಳುವ ದಾರಿ ಯೋಚಿಸಿದರು. ಮುಂದೆ ಬೇರೆ ಊರಿಂದ ಬರುವ ಎಲ್ಲ ಮಕ್ಕಳಿಗೂ ಶಾಲೆಯ ಪರಿಚಯ ಮಾಡಿಸುವ ಏರ್ಪಾಡಾಯಿತು.

1984ರ ಹೊತ್ತಿಗೆ ನಾಲ್ಕನೆಯ ತರಗತಿಯ ಪರೀಕ್ಷೆಯಲ್ಲಿ ಈ ಶಾಲೆಗಳು ನಗರದಲ್ಲಿ ಮೂರನೆಯ, ನಾಲ್ಕನೆಯ ಸ್ಥಾನಕ್ಕೆ ಬಂದಿದ್ದವು. ಎಲ್ಲರೂ ಉಲ್ಲೇಖಿಸುವುದು ಈ ಅಂಕಿಗಳನ್ನೇ. ನನಗೆ ಮುಖ್ಯವೆನಿಸುವುದು ಬೇರೆ. 1990ರ ದಶಕದಿಂದೀಚೆಗೆ ಭಾವನಾತ್ಮಕ ಕಲಿಕೆ ಒಂದು ಪಾಠವಾಗಿ, ವೇಳಾಪಟ್ಟಿಯ ಪೀರಿಯಡ್ಡಾಗಿ ಹರಡಿತು. ಬದಲಾಗಬೇಕಾದವರು ಮಕ್ಕಳು ಎಂಬಂತೆ. ನ್ಯೂ ಹೇವನ್‌ನಲ್ಲಿ ಮೊದಲು ಬದಲಾದದ್ದು ದೊಡ್ಡವರು ಮಾತಾಡಿಕೊಳ್ಳುವ ರೀತಿ.

ಅಲ್ಲಿ ಇನ್ನೂ ಒಂದು ಮಾಡಿದರು. ಮನೆಯಲ್ಲಿ ನೆಲೆಯಿಲ್ಲದ ಮಕ್ಕಳಿಗೆ ಶಾಲೆಯಲ್ಲಾದರೂ ಒಬ್ಬರು ಉಳಿಯಲೆಂದು, ಅದೇ ಶಿಕ್ಷಕರ ಕೈಯಲ್ಲಿ ಎರಡು ವರ್ಷ ಬಿಟ್ಟರು. ಮೊದಲ ವರ್ಷ ಏನೂ ಕಲಿಯದಂತಿದ್ದ ಕೆಲವರು ಎರಡನೆಯ ವರ್ಷ ಎರಡೂ ವರ್ಷದ್ದನ್ನು ಕಲಿತರೆಂದು ಕೋಮರ್ ದಾಖಲಿಸಿದ್ದಾರೆ.