ಸಂಯೋಜನೆಯ ಎರಡು ಮುಖಗಳು: ಧಾರ್ಮಿಕ ಸಂಸ್ಥೆಗಳ ಕಾಲೇಜುಗಳಲ್ಲಿ ವಿದ್ಯಾಕೀರ್ತಿ ಮತ್ತು ಕ್ರೀಡಾ ಪ್ರಾತಿನಿಧ್ಯ

ಕಾಲೇಜು ಕ್ರೀಡೆಗೂ ವಿದ್ಯಾಗುಣಮಟ್ಟಕ್ಕೂ ಇರುವ ಸಂಬಂಧವನ್ನು ಕುರಿತ ಚರ್ಚೆಗೆ ಜೇಮ್ಸ್ ಶುಲ್ಮನ್ ಮತ್ತು ವಿಲಿಯಂ ಬೋವೆನ್ 2001ರಲ್ಲಿ ಪ್ರಕಟಿಸಿದ ‘ದಿ ಗೇಮ್ ಆಫ್ ಲೈಫ್’ ಗ್ರಂಥ ಇಂದಿಗೂ ಆಧಾರವಾಗಿದೆ. ಪ್ರವೇಶಕ್ಕೆ ತೀವ್ರ ಪೈಪೋಟಿಯಿರುವ ಅಮೆರಿಕದ 30 ಸಂಸ್ಥೆಗಳನ್ನು ಪರಿಶೀಲಿಸಿದ ಆ ಗ್ರಂಥವು, ತಂಡಕ್ಕೆಂದೇ ಆರಿಸಿಕೊಂಡವರಿಗೆ ಪ್ರವೇಶದಲ್ಲಿ ರಿಯಾಯಿತಿ ಸಿಗುವುದನ್ನೂ ಅವರು ತರಗತಿಯಲ್ಲಿ ನಿರೀಕ್ಷೆಗಿಂತ ಹಿಂದುಳಿಯುವುದನ್ನೂ ತೋರಿಸಿ, ಕ್ರೀಡೆಯ ಹಂಬಲ ವಿದ್ಯೆಯ ಗುರಿಯನ್ನು ಸವೆಸುತ್ತದೆ ಎಂಬ ನಿಲುವಿಗೆ ಬರುತ್ತದೆ. ಈ ನಿಲುವು ಪ್ರವೇಶದ ಮಟ್ಟಿಗೆ ಒಪ್ಪತಕ್ಕದ್ದೇ. ಆದರೆ ಒಂದು ಕಾಲೇಜು ಯಾವ ಕೂಟದ ಸದಸ್ಯವಾಗಿರಬೇಕು ಎಂಬ ಪ್ರಶ್ನೆಗೆ ಅದು ಸಾಲದು.

ನೋಟರ್ ಡೇಮ್ ಎಂಬ ಕ್ಯಾಥೊಲಿಕ್ ವಿಶ್ವವಿದ್ಯಾಲಯದ ಉದಾಹರಣೆಯೇ ಇದಕ್ಕೆ ಸಾಕ್ಷಿ. ‘ಬಿಗ್ ಟೆನ್’ ಎಂಬ ಕ್ರೀಡಾಕೂಟವನ್ನು (ನಿಗದಿತ ವಿಶ್ವವಿದ್ಯಾಲಯಗಳು ತಮ್ಮೊಳಗೇ ಸ್ಪರ್ಧಿಸುವ ಒಕ್ಕೂಟವನ್ನು) ಸೇರಬೇಕೆಂದು 1999ರಲ್ಲಿ ಬಯಸಿದ್ದು ಅಲ್ಲಿನ ಅಧ್ಯಾಪಕರ ಸಭೆ. ಆ ಕೂಟದ ಸದಸ್ಯತ್ವದೊಡನೆ ದೊರೆಯುತ್ತಿದ್ದ ಸಂಶೋಧನಾ ಸಹಕಾರ ವ್ಯವಸ್ಥೆ ಅವರನ್ನು ಸೆಳೆದಿತ್ತು. ಸಂಸ್ಥೆಯ ಸ್ವತಂತ್ರ ಸ್ವರೂಪವನ್ನು ಕಾಯಬೇಕೆಂದ ಧರ್ಮದರ್ಶಿಗಳ ಮಂಡಳಿ ಆ ವರ್ಷದ ಫೆಬ್ರವರಿಯಲ್ಲಿ ಪ್ರಸ್ತಾವವನ್ನು ನಿರಾಕರಿಸಿತು. ಅಂದರೆ ವಿದ್ಯಾಕೀರ್ತಿಯ ಪರವಾಗಿದ್ದವರೇ ಕ್ರೀಡಾಕೂಟವನ್ನು ಬೇಡಿದ್ದರು. ಸದಸ್ಯತ್ವವೆಂಬ ಒಂದೇ ನಿರ್ಧಾರದಲ್ಲಿ ಎರಡೂ ಕಟ್ಟಿಕೊಂಡಿದ್ದವು.

ಅಮೆರಿಕದಲ್ಲಿ ಒಪ್ಪಂದದಿಂದ ಆಗುವ ಈ ಕಟ್ಟು ಭಾರತದಲ್ಲಿ ಸಂಯೋಜನೆಯಿಂದ, ಎಂದರೆ ಕಾಲೇಜು ಒಂದು ವಿಶ್ವವಿದ್ಯಾಲಯದ ಪಠ್ಯ, ಪರೀಕ್ಷೆ, ಪದವಿಗಳಿಗೆ ಒಳಪಡುವ ಕಾನೂನುಬದ್ಧ ಸಂಬಂಧದಿಂದ, ತಾನಾಗಿಯೇ ಉಂಟಾಗುತ್ತದೆ. ಅಂತರ ಕಾಲೇಜು ಪಂದ್ಯಗಳ ಮೂಲಕ ವಿಶ್ವವಿದ್ಯಾಲಯದ ತಂಡಕ್ಕೆ ಆಯ್ಕೆಯಾಗಿ ‘ಯೂನಿವರ್ಸಿಟಿ ಬ್ಲೂ’ ಎನಿಸಿದವರು ಭಾರತೀಯ ವಿಶ್ವವಿದ್ಯಾಲಯಗಳ ಸಂಘದ ವಲಯ ಪಂದ್ಯಗಳಿಗೆ ಹೋಗುತ್ತಾರೆ. ಅಲ್ಲಿ ಪ್ರತಿಯೊಂದು ಆಟಕ್ಕೆ ಒಂದು ವಿಶ್ವವಿದ್ಯಾಲಯದಿಂದ ಒಂದೇ ತಂಡ. ಅದರಡಿ ನೂರಾರು ಕಾಲೇಜುಗಳಿರಲಿ, ಒಂದೇ ಆವರಣವಿರಲಿ, ನಿಯಮ ಬದಲಾಗದು. ಈ ನಿಯಮಕ್ಕೆ ಸಿಗಬೇಕಾದ ಗಮನ ಸಿಕ್ಕಿಲ್ಲ.

ಕರ್ನಾಟಕದ ಕ್ಯಾಥೊಲಿಕ್ ಕಾಲೇಜುಗಳ ಇತಿಹಾಸವನ್ನು ಈ ದೃಷ್ಟಿಯಿಂದ ನೋಡಿದರೆ ಒಂದು ವ್ಯತ್ಯಾಸ ಸ್ಪಷ್ಟವಾಗುತ್ತದೆ. 1880ರಲ್ಲಿ ಜೆಸ್ವಿಟರು ಸ್ಥಾಪಿಸಿದ ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜು 2007ರಲ್ಲಿ ಸ್ವಾಯತ್ತವಾದಾಗ ಪಠ್ಯ ಮತ್ತು ಪರೀಕ್ಷೆಗಳು ಅದರ ಕೈಗೆ ಬಂದವು, ಆದರೆ ಪದವಿಯೂ ತಂಡವೂ ಮಂಗಳೂರು ವಿಶ್ವವಿದ್ಯಾಲಯದವೇ ಆಗಿ ಉಳಿದವು. ಅದರ ಓಟಗಾರರು ವಿಶ್ವವಿದ್ಯಾಲಯದ ತಂಡ ಸೇರಲು ಮೂಡುಬಿದಿರೆಯ ಆಳ್ವಾಸ್‌ನಂಥ ಬಲಿಷ್ಠ ಸಂಸ್ಥೆಯ ಓಟಗಾರರನ್ನು ಮೀರಬೇಕಿತ್ತು. 2024ರಲ್ಲಿ ಡೀಮ್ಡ್ ವಿಶ್ವವಿದ್ಯಾಲಯದ, ಎಂದರೆ ತಾನೇ ಪದವಿ ನೀಡಿ ತನ್ನದೇ ತಂಡ ಕಳಿಸಬಲ್ಲ ಸಂಸ್ಥೆಯ, ಸ್ಥಾನ ದೊರೆತೊಡನೆ ಆ ಅನಿವಾರ್ಯತೆ ಕಳಚಿತು. ಬೆಂಗಳೂರಿನ ಕ್ರೈಸ್ಟ್ ಈ ಹಾದಿಯನ್ನು 2008ರಲ್ಲೇ ಹಿಡಿದಿತ್ತು. ವಿದ್ಯಾಕೀರ್ತಿಗಾಗಿ ಇಟ್ಟ ಹೆಜ್ಜೆಯೇ ಕ್ರೀಡಾ ಪ್ರಾತಿನಿಧ್ಯದ ಬಾಗಿಲನ್ನೂ ತೆರೆಯಿತೆಂಬುದನ್ನು ಶುಲ್ಮನ್–ಬೋವೆನ್ ಮಾದರಿ ವಿವರಿಸಲಾರದು. ಬೆಂಗಳೂರಿನಲ್ಲಿ 2022ರಲ್ಲಿ ನಡೆದ ಖೇಲೋ ಇಂಡಿಯಾ ವಿಶ್ವವಿದ್ಯಾಲಯ ಕ್ರೀಡಾಕೂಟದಲ್ಲಿ ಜೈನ್ ಡೀಮ್ಡ್ ವಿಶ್ವವಿದ್ಯಾಲಯ ಅಗ್ರಸ್ಥಾನ ಪಡೆದದ್ದು, ಆ ಬಾಗಿಲನ್ನು ಎಷ್ಟು ಸಮರ್ಥವಾಗಿ ಬಳಸಬಹುದೆಂಬುದಕ್ಕೆ ನಿದರ್ಶನ.

ಕೊಪ್ಪಳದ ಸ್ಥಿತಿ ಇದಕ್ಕಿಂತ ಬೇರೆ. ಗವಿಮಠದ ಆಶ್ರಯದ ಶ್ರೀ ಗವಿಸಿದ್ಧೇಶ್ವರ ಕಾಲೇಜೂ ಧಾರ್ಮಿಕ ಸಂಸ್ಥೆಯೊಂದು ನಡೆಸುವ ಕಾಲೇಜೇ. ಆದರೆ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾಗಳ ಕಾಲೇಜುಗಳ ವಿಶ್ವವಿದ್ಯಾಲಯ ಬದಲಾದದ್ದು ಅವುಗಳ ಆಯ್ಕೆಯಿಂದಲ್ಲ, ಸರ್ಕಾರದ ಕಾಯ್ದೆಗಳಿಂದ. 1980ರಲ್ಲಿ ಗುಲಬರ್ಗಾ, 2010ರಲ್ಲಿ ಬಳ್ಳಾರಿಯ ವಿಜಯನಗರ ಶ್ರೀಕೃಷ್ಣದೇವರಾಯ, 2023ರಲ್ಲಿ ಹಿಂದಿನ ಯಲಬುರ್ಗಾ ತಾಲ್ಲೂಕಿನ ತಳಕಲ್‌ನಲ್ಲಿ ಆರಂಭವಾದ ಕೊಪ್ಪಳ ವಿಶ್ವವಿದ್ಯಾಲಯ, ಹೀಗೆ ಕೂಟದ ಗಡಿ ಪ್ರತಿ ಸಲವೂ ಕಿರಿದಾಗುತ್ತ ಬಂದಿದೆ. ಅಹಮದಾಬಾದಿನ ಸೇಂಟ್ ಝೇವಿಯರ್ಸ್ ಕಾಲೇಜಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 1974ರಲ್ಲಿ ಸಂಯೋಜನೆಯ ಷರತ್ತುಗಳಿಗೆ ಹಾಕಿದ ಮಿತಿ ಸಂವಿಧಾನದ 30ನೆಯ ವಿಧಿಯ ಅಲ್ಪಸಂಖ್ಯಾತ ಸಂಸ್ಥೆಗಳ ಹಕ್ಕನ್ನು ಆಧರಿಸಿದ್ದರಿಂದ, ಆ ರಕ್ಷಣೆಯೂ ಮಠದ ಕಾಲೇಜಿಗೆ ಅದೇ ರೂಪದಲ್ಲಿ ಒದಗದು.

ಹಾಗಿದ್ದೂ, 2023ರ ವಿಭಜನೆಯಿಂದ ಈ ಭಾಗದ ಕ್ರೀಡಾಪಟುವಿಗೆ ಲಾಭವೂ ಪದವೀಧರನಿಗೆ ಹೊರೆಯೂ ಆಗಿದೆ ಎಂಬುದು ಇಲ್ಲಿ ಮಂಡಿಸುವ ವಾದ. ಬಳ್ಳಾರಿ ಮತ್ತು ಕೊಪ್ಪಳ ಸೀಮೆಗಳ ಕಾಲೇಜುಗಳೆಲ್ಲ ಸೇರಿ ಆರಿಸುತ್ತಿದ್ದ 12 ಜನರ ಕಬಡ್ಡಿ ತಂಡದಲ್ಲಿ ಕುಷ್ಟಗಿಯ ಹುಡುಗನಿಗಿದ್ದ ಅವಕಾಶಕ್ಕಿಂತ ಒಂದೇ ಜಿಲ್ಲೆಯ ತಂಡದಲ್ಲಿನ ಅವಕಾಶ ಹಿರಿದು. ಅತ್ತ ಪದವಿಪತ್ರದ ಮೇಲೆ ಇನ್ನೂ ಹೆಸರು ಮಾಡಬೇಕಾದ ವಿಶ್ವವಿದ್ಯಾಲಯದ ಮುದ್ರೆ ಬೀಳುತ್ತದೆ. ಪ್ರವೇಶದ ರಿಯಾಯಿತಿಯಿಂದ ವಿದ್ಯೆ ಸೊರಗುವ ಭಯವೂ ಇಲ್ಲಿ ಅಷ್ಟಾಗಿ ಅನ್ವಯಿಸದು, ಜಿಲ್ಲಾಮಟ್ಟದ ಬಿ.ಎ. ತರಗತಿಯಲ್ಲಿ ಒಬ್ಬ ಆಟಗಾರನಿಗೆ ಕೊಟ್ಟ ಸೀಟು ಸಾಮಾನ್ಯವಾಗಿ ಇನ್ನೊಬ್ಬನಿಂದ ಕಸಿದದ್ದಲ್ಲ.

ಈ ವಾದವನ್ನು ಕೆಲವು ಮಿತಿಗಳೊಡನೆಯೇ ಒಪ್ಪಬೇಕು. ತಂಡದಲ್ಲಿ ಸ್ಥಾನ ಸಿಕ್ಕ ಮಾತ್ರಕ್ಕೆ ಆಟ ಸುಧಾರಿಸದು. ಆಯ್ಕೆಯ ಪಂದ್ಯದಲ್ಲಿ ಬಲವಾದ ಎದುರಾಳಿ ಇಲ್ಲದವರು ದಕ್ಷಿಣ ವಲಯದ ಮೊದಲ ಸುತ್ತಿನಲ್ಲೇ ಹಿಂದಿರುಗುವ ಸಂಭವವಿದೆ. ತರಬೇತಿ ಶಿಬಿರ, ಪ್ರಯಾಣ ಭತ್ಯೆ, ಖಾಯಂ ದೈಹಿಕ ಶಿಕ್ಷಣ ನಿರ್ದೇಶಕರು ಇಲ್ಲದಿದ್ದರೆ ತೆರೆದ ಬಾಗಿಲು ಕಾಗದದ ಮೇಲಿನದಷ್ಟೆ. ಪದವೀಧರನ ಹೊರೆಯೂ ಶಾಶ್ವತವೆಂದು ಹೇಳಲಾಗದು. ಸಮೀಪದಲ್ಲೊಂದು ವಿಶ್ವವಿದ್ಯಾಲಯವಿರುವುದು, ಅದರಲ್ಲೂ ದೂರದ ಊರಿಗೆ ಕಳಿಸಲು ಮನೆಯವರು ಹಿಂಜರಿಯುವ ಹೆಣ್ಣುಮಕ್ಕಳಿಗೆ, ಕೀರ್ತಿಗಿಂತ ಮಿಗಿಲಾದ ಪ್ರಯೋಜನ. ಈ ಪ್ರಯೋಜನವನ್ನು ಲೆಕ್ಕಕ್ಕೆ ಹಿಡಿಯದ ಯಾವ ತುಲನೆಯೂ ನ್ಯಾಯವಾದುದಲ್ಲ.

2010ರಿಂದ 2023ರವರೆಗಿನ ಬಳ್ಳಾರಿಯ ತಂಡಗಳ ಆಯ್ಕೆಪಟ್ಟಿಗಳನ್ನೂ ಅನಂತರದ ಕೊಪ್ಪಳದ ಪಟ್ಟಿಗಳನ್ನೂ ತಾಲ್ಲೂಕುವಾರು ಹೋಲಿಸಿದಾಗ ಮಾತ್ರ ಈ ವಾದ ನಿಲ್ಲುವುದೋ ಬೀಳುವುದೋ ತಿಳಿಯುತ್ತದೆ. ಹೊಸ ವಿಶ್ವವಿದ್ಯಾಲಯಗಳನ್ನು ಮುಚ್ಚುವ ಶಿಫಾರಸನ್ನು ಸಚಿವ ಸಂಪುಟದ ಉಪಸಮಿತಿ 2025ರಲ್ಲಿ ಮುಂದಿಟ್ಟಿರುವುದರಿಂದ, ಹೋಲಿಕೆಗೆ ಬೇಕಾದಷ್ಟು ವರ್ಷಗಳು ದೊರೆಯುವುವೇ ಎಂಬುದೂ ಬಗೆಹರಿಯಬೇಕಾದ ಪ್ರಶ್ನೆ.